ಎಕ್ಸ್‌ಎಸ್‌ಎಲ್‌ಟಿ: ಇಂಟರ್‌ಪ್ರಿಟರ್ ಮತ್ತು ಕಂಪೈಲರ್ ವೇಗ ಅಳೆದ ನನ್ನ ಅನುಭವ

ಕಂಪೈಲ್ ಆದದ್ದು, ಅಂದರೆ ಓಡುವ ಮೊದಲೇ ಯಂತ್ರಕ್ಕೆ ಹತ್ತಿರವಾದ ಕೋಡ್ ಆಗಿ ಬದಲಾದದ್ದು, ಯಾವಾಗಲೂ ಬೇಗ ಓಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಕ್ಸ್‌ಎಸ್‌ಎಲ್‌ಟಿ ಅಂದರೆ ಎಕ್ಸ್‌ಎಂಎಲ್ ಫೈಲನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆ; ಅದರಲ್ಲಿ ಬರೆದ ಪ್ರೋಗ್ರಾಮೇ ಸ್ಟೈಲ್‌ಶೀಟ್. ಇದರ ವಿಷಯದಲ್ಲಿ ಆ ಮಾತನ್ನು ಅಳೆದೇ ನೋಡಬೇಕು ಅನ್ನಿಸಿತು.

ಅದಕ್ಕೆ ಜಾವಾದ ಕ್ಸಲಾನ್ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿ ಸ್ಟೈಲ್‌ಶೀಟ್ ಓಡಿಸುವ ಎರಡು ಪ್ರೊಸೆಸರ್‌ಗಳಿವೆ. ಒಂದು ಸ್ಟೈಲ್‌ಶೀಟನ್ನು ಮೆಮೊರಿಯಲ್ಲಿಟ್ಟುಕೊಂಡು ಅದರ ಸೂಚನೆಗಳನ್ನು ಒಂದೊಂದಾಗಿ ನಡೆಸುತ್ತದೆ, ಇದು ಇಂಟರ್‌ಪ್ರಿಟರ್. ಇನ್ನೊಂದು ಎಕ್ಸ್‌ಎಸ್‌ಎಲ್‌ಟಿಸಿ ಎಂಬ ಕಂಪೈಲರ್. ಇದು ಸ್ಟೈಲ್‌ಶೀಟನ್ನೇ ಬೈಟ್‌ಕೋಡ್ (ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಜೆವಿಎಂಗೆ ಅರ್ಥವಾಗುವ ಕೋಡ್) ಮಾಡಿ 'ಟ್ರಾನ್ಸ್‌ಲೆಟ್' ಎಂಬ ಕ್ಲಾಸ್ ಕೊಡುತ್ತದೆ. ಜೆಡಿಕೆ (ಜಾವಾ ಡೆವಲಪರ್‌ಗಳ ಕಿಟ್) 5ರಿಂದ ಜಾವಾದ ಜೊತೆಗೇ ಬರುವುದು ಇದೇ. ಕ್ಸಲಾನ್ ಜಾರ್ ಸೇರಿಸಿ ಒಂದು ಸಿಸ್ಟಮ್ ಪ್ರಾಪರ್ಟಿ ಬದಲಿಸಿದರೆ ಸಾಕು, ಕೋಡ್ ಮುಟ್ಟದೆ ಎರಡನ್ನೂ ಓಡಿಸಬಹುದು.

ಒಟ್ಟು ಸಮಯ ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಸ್ಟೈಲ್‌ಶೀಟಿನಿಂದ ಟೆಂಪ್ಲೇಟ್ಸ್ ಆಬ್ಜೆಕ್ಟ್ (ಮತ್ತೆ ಮತ್ತೆ ಬಳಸಬಹುದಾದ ಸಿದ್ಧ ರೂಪ) ತಯಾರಾಗುವ ಸಮಯವನ್ನೂ, ಟ್ರಾನ್ಸ್‌ಫಾರ್ಮ್ ಸಮಯವನ್ನೂ ಬೇರೆ ಬೇರೆ ಅಳೆದೆ. ಚಿಕ್ಕ ಫೈಲನ್ನು ಒಂದೇ ಸಲ ಬದಲಿಸುವಾಗ ಇಂಟರ್‌ಪ್ರಿಟರ್ ಮುಂದಿತ್ತು. ಎಕ್ಸ್‌ಎಸ್‌ಎಲ್‌ಟಿಸಿ ಆಗಿನ್ನೂ ಕ್ಲಾಸ್ ಕಟ್ಟುತ್ತಾ ಕೂತಿತ್ತು. ಅದೇ ಟೆಂಪ್ಲೇಟ್ಸ್ ಆಬ್ಜೆಕ್ಟನ್ನು ಇಟ್ಟುಕೊಂಡು ಮತ್ತೆ ಮತ್ತೆ ಓಡಿಸಿದಾಗ ಕಂಪೈಲರ್ ಮುಂದೆ ಬಂತು. ಟೆಂಪ್ಲೇಟ್ಸನ್ನು ಎಷ್ಟು ಥ್ರೆಡ್‌ಗಳು ಬೇಕಾದರೂ ಹಂಚಿಕೊಳ್ಳಬಹುದು, ಅದರಿಂದ ಹುಟ್ಟುವ, ಫೈಲನ್ನು ಬದಲಿಸುವ ಟ್ರಾನ್ಸ್‌ಫಾರ್ಮರನ್ನು ಹಾಗೆ ಹಂಚಿಕೊಳ್ಳುವಂತಿಲ್ಲ. ಮೊದಲ ಓಟಗಳ ಲೆಕ್ಕವನ್ನು ಬಿಟ್ಟುಬಿಟ್ಟೆ. ಓಡುವಾಗಲೇ ಬೈಟ್‌ಕೋಡನ್ನು ಯಂತ್ರದ ಕೋಡ್ ಮಾಡುವ ಜೆಐಟಿ ಬಿಸಿಯಾಗದೆ ಬಂದ ಅಂಕಿ ನಂಬುವಂಥದ್ದಲ್ಲ.

ನನಗೆ ತುಂಬಾ ಹಿಡಿಸಿದ ವಿಷಯ ಬೇರೆಯೇ ಇದೆ. ಒಂದು ದೊಡ್ಡ ಸ್ಟೈಲ್‌ಶೀಟ್ ಕಂಪೈಲ್ ಆದ ಮೇಲೂ ನಿಧಾನವಾಗಿಯೇ ಇತ್ತು. ಒಂದೇ ಟೆಂಪ್ಲೇಟಿನಲ್ಲಿ (ಸ್ಟೈಲ್‌ಶೀಟಿನ ಒಂದು ನಿಯಮದಲ್ಲಿ) ಉದ್ದಕ್ಕೆ ಆಯ್ಕೆ ಮಾಡುವ 'ಚೂಸ್', ಅದರೊಳಗೆ ಹತ್ತಾರು 'ವೆನ್' ಷರತ್ತುಗಳು. ಅದೆಲ್ಲ ಸೇರಿ ಒಂದೇ ದೈತ್ಯ ಮೆಥಡ್ ಆಗಿತ್ತು. ಸಾಮಾನ್ಯವಾಗಿ ಬಳಸುವ ಹಾಟ್‌ಸ್ಪಾಟ್ ಜೆವಿಎಂ, ಬೈಟ್‌ಕೋಡ್ 8000 ಬೈಟ್ ದಾಟಿದ ಮೆಥಡ್‌ಗಳನ್ನು ಜೆಐಟಿಗೆ ಕೊಡುವುದೇ ಇಲ್ಲ. 64 ಕೆಬಿ ದಾಟಿದರಂತೂ ಕ್ಲಾಸ್ ಲೋಡ್ ಕೂಡ ಆಗುವುದಿಲ್ಲ. ಅಂದರೆ ನಮ್ಮ 'ಕಂಪೈಲ್ಡ್' ಸ್ಟೈಲ್‌ಶೀಟನ್ನು ಜೆವಿಎಂ ಇಂಟರ್‌ಪ್ರಿಟ್ ಮಾಡುತ್ತಿತ್ತು! ಆ ಟೆಂಪ್ಲೇಟನ್ನು ಒಡೆದು ಚಿಕ್ಕ ಚಿಕ್ಕ ಟೆಂಪ್ಲೇಟ್‌ಗಳಾಗಿ ಹಂಚಿದೆ. ವೇಗ ತಾನಾಗಿ ಬಂತು. ಟೆಂಪ್ಲೇಟ್‌ಗಳನ್ನು ಒಟ್ಟಿಗೆ ಸೇರಿಸುವ ಇನ್‌ಲೈನಿಂಗ್ ಆಯ್ಕೆಯನ್ನು ಆನ್ ಮಾಡಿದರೂ ಇದೇ ಅಪಾಯ ಇದೆ.

ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲೂ ಕಥೆ ಇದೇ ತರಹ. 2.0ರಲ್ಲಿ ಬಂದ ಎಕ್ಸ್‌ಎಸ್‌ಎಲ್‌ಕಂಪೈಲ್ಡ್‌ಟ್ರಾನ್ಸ್‌ಫಾರ್ಮ್ ಎಂಬ ಪ್ರೊಸೆಸರ್ ಸ್ಟೈಲ್‌ಶೀಟ್ ಲೋಡ್ ಆಗಲು ಸಮಯ ತಗೊಳ್ಳುತ್ತದೆ, ಆಮೇಲೆ ಬೇಗ ಓಡುತ್ತದೆ.

ಇನ್ನೊಂದು ಸ್ಟೈಲ್‌ಶೀಟಿನಲ್ಲಿ ಎರಡು ಪ್ರೊಸೆಸರ್‌ಗಳೂ ಒಂದೇ ರೀತಿ ತೆವಳುತ್ತಿದ್ದವು. ಪ್ರತಿ ಸಾಲಿಗೂ ಎರಡು ಸ್ಲ್ಯಾಶ್ ಹಾಕಿ ಇಡೀ ಡಾಕ್ಯುಮೆಂಟ್ ಹುಡುಕುವ ಎಕ್ಸ್‌ಪಾತ್ (ಎಕ್ಸ್‌ಎಂಎಲ್‌ನ ಭಾಗಗಳನ್ನು ಆರಿಸುವ ಸೂತ್ರ) ಅದರಲ್ಲಿತ್ತು. ಸಾಲುಗಳು ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು. ಇದನ್ನು ಯಾವ ಕಂಪೈಲರ್ ತಾನೇ ಸರಿ ಮಾಡೀತು, ಅಲ್ವಾ? ಎಕ್ಸ್‌ಎಸ್‌ಎಲ್‌ಟಿಯ 1999ರ ಮೊದಲ ಆವೃತ್ತಿಯಿಂದಲೂ ಇರುವ, ಸೂಚಿಯಂತೆ ಬೇಕಾದ್ದನ್ನು ನೇರ ಹುಡುಕಿಕೊಡುವ 'ಕೀ' ಸೌಲಭ್ಯ ಬಳಸಿ ಆ ಹುಡುಕಾಟ ತೆಗೆದೆ. ಪ್ರೊಸೆಸರ್ ಬದಲಿಸಿ ಗಳಿಸಿದ್ದಕ್ಕಿಂತ ಹೆಚ್ಚಿನ ಸಮಯ ಆ ಒಂದು ಬದಲಾವಣೆಯಿಂದಲೇ ಉಳಿಯಿತು.