ಹಳೆ ಆಕ್ಟೇವಿಯಾಗೆ ಗುಜರಿ ಇಸಿಯು ಕೂರಿಸಿದ ನನ್ನ ಅನುಭವ

ಮಳೆಗಾಲದಲ್ಲಿ ಹಳೆ ಸ್ಕೋಡಾ ಆಕ್ಟೇವಿಯಾ ಸ್ಟಾರ್ಟ್ ಆಗದೆ ನಿಂತರೆ ಮೊದಲು ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ನೋಡಿ. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಇರುವುದು ಅಲ್ಲೇ. ನನ್ನ 2004ರ 1.9 ಟಿಡಿಐ ಡೀಸೆಲ್ ಗಾಡಿಯಲ್ಲಿ ನೀರು ಇಳಿದುಹೋಗುವ ತೂತಿಗೆ ಎಲೆಕಸ ಕಟ್ಟಿ, ನಿಂತ ನೀರು ಡಬ್ಬಿಯೊಳಗೇ ನುಗ್ಗಿತ್ತು. ಕೀ ತಿರುಗಿಸಿದರೆ ಡೀಸೆಲ್ ಎಂಜಿನ್ನನ್ನು ಮೊದಲು ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಹತ್ತುತ್ತಿರಲಿಲ್ಲ. ಗಾಡಿಯ ದೋಷ ಓದುವ ಸ್ಕ್ಯಾನರ್‌ಗೆ ಮೀಟರ್ ಬೋರ್ಡ್ ಸಿಗುತ್ತಿತ್ತು, ಎಂಜಿನ್ ಸಿಗುತ್ತಿರಲಿಲ್ಲ. ಫ್ಯೂಸ್, ಕರೆಂಟ್, ಅರ್ತ್ ಎಲ್ಲ ಸರಿಯಿದ್ದುದರಿಂದ ತಪ್ಪು ಇಸಿಯುವಿನದೇ ಎಂದು ಖಾತ್ರಿಯಾಯಿತು.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅದೇ ಎಂಜಿನ್ನಿನ ಇಸಿಯು ಸಿಕ್ಕಿತು. ಲೇಬಲ್ ಮೇಲಿನ 038 906 012 ಮಾತ್ರ ಹೊಂದಿದರೆ ಸಾಲದು, ಅದರ ನಂತರ ಬರುವ ಅಕ್ಷರಗಳೂ ಹೊಂದಬೇಕು. ಯಾವ ಗಾಡಿಯದ್ದು ಎಂದು ಕೇಳಿ, ಚಾಸಿ ನಂಬರ್ ಬರೆದ ಬಿಲ್ ಪಡೆದೆ. ಕದ್ದ ಗಾಡಿಯ ಭಾಗ ಬೇಡ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಮೊದಲು ಅದನ್ನು ಹಾಗೆಯೇ ಕೂರಿಸಿದೆ. ಎಂಜಿನ್ ಹೊತ್ತಿಕೊಂಡು ಎರಡು ಸೆಕೆಂಡಿನಲ್ಲಿ ನಿಂತಿತು, ಕೀ ಗುರುತಿನ ದೀಪ ಮಿನುಗತೊಡಗಿತು, ಸ್ಕ್ಯಾನರ್‌ನಲ್ಲಿ 17978 ಬಂತು: ಇಮ್ಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗ, ತಡೆದಿದೆ ಎಂದರ್ಥ. ನನಗೆ ಇದು ಒಳ್ಳೆಯ ಸುದ್ದಿ. ಅಷ್ಟು ಹೊತ್ತು ಎಂಜಿನ್ ಓಡಿತೆಂದರೆ ತಂದ ಇಸಿಯು ಜೀವಂತವಾಗಿದೆ.

ಈ ಗಾಡಿಯಲ್ಲಿ ಇಮ್ಮೊಬಿಲೈಸರ್‌ಗೆ ಬೇರೆ ಡಬ್ಬಿ ಇಲ್ಲ, ಮೀಟರ್ ಬೋರ್ಡಿನೊಳಗೇ ಇದೆ. ಕೀ ಒಳಗಿನ ಚಿಪ್ಪನ್ನು ಇಗ್ನಿಷನ್ ಲಾಕ್ ಸುತ್ತಲಿನ ಸುರುಳಿ ಓದುತ್ತದೆ, ಮೀಟರ್ ಒಪ್ಪುತ್ತದೆ, ಆಮೇಲೆ ಮೀಟರ್ ಮತ್ತು ಇಸಿಯು ಪರಸ್ಪರ ಗುರುತು ಹಿಡಿಯಬೇಕು. ಸ್ಕ್ಯಾನರ್‌ನಿಂದಲೇ ಜೋಡಿಸಬಹುದು, ಆದರೆ ಅದಕ್ಕೆ ಎರಡೂ ಗಾಡಿಗಳ ನಾಲ್ಕಂಕಿಯ ಪಿನ್ ಬೇಕು. ಗುಜರಿಗೆ ಹೋದ ಗಾಡಿಯ ಪಿನ್ ಎಲ್ಲಿಂದ ತರುವುದು? ಊಹಿಸಿ ಒತ್ತುತ್ತ ಹೋದರೆ ಇಮ್ಮೊಬಿಲೈಸರ್ ಲಾಕ್ ಆಗಿ, ಕಾಯುವ ಸಮಯ ಪ್ರತಿ ಸಲವೂ ಏರುತ್ತದೆ.

ನಾನು ಹಳೆಯ ಇಸಿಯುವಿನ ನೆನಪನ್ನೇ ಹೊಸದಕ್ಕೆ ಸಾಗಿಸಿದೆ. ಇಮ್ಮೊಬಿಲೈಸರ್ ಗುರುತು ಇರುವುದು 24 ಸರಣಿಯ, ಎಂಟು ಕಾಲಿನ ಈಪ್ರಾಮ್ ಎಂಬ ಪುಟ್ಟ ನೆನಪಿನ ಚಿಪ್ಪಿನಲ್ಲಿ. ಡಬ್ಬಿಯ ಮುಚ್ಚಳಕ್ಕೆ ಅಂಟು ಹಾಕಿರುತ್ತಾರೆ. ಹೀಟ್ ಗನ್‌ನಿಂದ ಮೆಲ್ಲಗೆ ಬಿಸಿ ಮಾಡುತ್ತ, ಅಂಚಿನಿಂದ ಎತ್ತುತ್ತ ಬನ್ನಿ. ಅವಸರಪಟ್ಟರೆ ಒಳಗಿನ ಸರ್ಕ್ಯೂಟ್ ಬೋರ್ಡೇ ಬಗ್ಗುತ್ತದೆ. ಬೋರ್ಡಿನಲ್ಲಿದ್ದಂತೆಯೇ ಈಪ್ರಾಮ್ ಓದಲು ಹೋದರೆ ಪಕ್ಕದ ಪ್ರೊಸೆಸರ್ ಎಚ್ಚರಗೊಂಡು ಓದು ಕೆಡುವುದುಂಟು. ಹಾಗಾಗಿ ಬಿಸಿ ಗಾಳಿಯಲ್ಲಿ ಎರಡೂ ಇಸಿಯುಗಳ ಈ ಚಿಪ್ ಬಿಡಿಸಿ, ಎಸ್‌ಪಿ ರೋಡಿನಲ್ಲಿ ಕೊಂಡ ಸಿಎಚ್341ಎ ಪ್ರೋಗ್ರಾಮರ್‌ನಲ್ಲಿ ಒಂದೊಂದನ್ನೂ ಎರಡು ಸಲ ಓದಿ, ಫೈಲುಗಳನ್ನು ತಾಳೆ ನೋಡಿದೆ. ನೀರು ಬೋರ್ಡಿನ ಇನ್ನೊಂದು ಮೂಲೆಯನ್ನು ತಿಂದಿತ್ತು, ಹಳೆ ಈಪ್ರಾಮ್‌ಗೆ ಏನೂ ಆಗಿರಲಿಲ್ಲ. ಅದರ ಫೈಲನ್ನು ಗುಜರಿಯ ಚಿಪ್ಪಿಗೆ ಬರೆದು, ಬೆಸೆದು, ಮುಚ್ಚಳಕ್ಕೆ ಹೊಸ ಸಿಲಿಕೋನ್ ಕೊಟ್ಟೆ. ಗುಜರಿ ಇಸಿಯುವಿನ ಮೂಲ ಫೈಲೂ ಕಂಪ್ಯೂಟರಿನಲ್ಲಿದೆ. ಬ್ಯಾಟರಿ ಬಿಚ್ಚಿಟ್ಟು ಕನೆಕ್ಟರ್ ಹಾಕಿ, ಬ್ಯಾಟರಿ ಸೇರಿಸಿ ಕೀ ತಿರುಗಿಸಿದಾಗ ಎಂಜಿನ್ ನಿಲ್ಲದೆ ಓಡಿತು. ಆ ಸದ್ದು ಕೇಳಿ ಆದ ಖುಷಿ ಸಣ್ಣದಲ್ಲ. ಅದೇ ಕೀ, ಅದೇ ಮೀಟರ್.

ಹಳೆ ಈಪ್ರಾಮ್ ಸತ್ತಿದ್ದರೆ ಈ ದಾರಿ ಇಲ್ಲ. ಆಗ ಒಂದೇ ಗಾಡಿಯ ಇಸಿಯು, ಮೀಟರ್ ಬೋರ್ಡ್ ಮತ್ತು ಕೀ ಚಿಪ್ ಮೂರನ್ನೂ ಸೆಟ್ಟಾಗಿ ಕೊಳ್ಳುವುದು ಒಂದು ದಾರಿ. ಈ ಕೀ ಚಿಪ್ ಒಮ್ಮೆ ಒಂದು ಮೀಟರಿಗೆ ಜೋಡಣೆಯಾದರೆ ಬೇರೆಯದಕ್ಕೆ ಒಗ್ಗುವುದಿಲ್ಲ. ಮೀಟರಿನ ಜೊತೆ ಆ ಗಾಡಿಯ ಕಿಲೋಮೀಟರೂ ಬರುವುದರಿಂದ, ಬಿಚ್ಚುವ ಮೊದಲು ನಿಮ್ಮ ಹಳೆ ಮೀಟರಿನ ಕಿಲೋಮೀಟರ್ ಫೋಟೊ ತೆಗೆದು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ, ಗಾಡಿ ಮಾರುವಾಗ ಕೊಳ್ಳುವವರಿಗೆ ತೋರಿಸಿ.