ಒಂದು ‘ನು’ ತೆಗೆದ ಮೇಲೆ ಹಾಡು ಕೂತಿತು: ಕನ್ನಡದಲ್ಲಿ ಕಂಟ್ರಿ ಗಾಸ್ಪೆಲ್ ಮಾಡಿದ ನನ್ನ ಅನುಭವ

ಹೋದ ಈಸ್ಟರ್ ಆರಾಧನೆ ಮುಗಿದ ಮೇಲೆ ಮೂರು ಜನ ನನ್ನ ಹತ್ತಿರ ಬಂದು ಹಾಡಿನ ಹಾಳೆ ಕೇಳಿದರು. ನಾಲ್ಕು ವರ್ಷದ ಹಿಂದೆ ನಾನು ಕಂಟ್ರಿ ಗಾಸ್ಪೆಲ್, ಅಂದರೆ ಅಮೆರಿಕದ ಹಳ್ಳಿಗಾಡಿನ ಧಾಟಿಯ ಕ್ರೈಸ್ತ ಭಕ್ತಿಗೀತೆ, ಕನ್ನಡದಲ್ಲಿ ಮಾಡಲು ಹೊರಟಾಗ ‘ಇದು ಆಗೋ ಕೆಲಸ ಅಲ್ಲ’ ಅಂದವರು ಇದೇ ಮೂವರು. ಅವತ್ತೇ ಇದನ್ನು ಬರೆಯಬೇಕು ಅನ್ನಿಸಿತು. ಚರ್ಚಿನ ಸಭೆಯಲ್ಲಿ ಗಿಟಾರ್ ಹಿಡಿದು ಹಾಡು ನಡೆಸುವವರಿಗಾಗಿ ಬರೆಯುತ್ತಿದ್ದೇನೆ. ಕಾರ್ಡ್, ಕೇಪೋ, ವಾಲ್ಟ್ಜ್ ಸ್ಟ್ರಮ್ ಎಲ್ಲ ನಿಮಗೆ ಗೊತ್ತಿರುವುದೇ, ಅದಕ್ಕೆ ಕೈ ಹಾಕುವುದಿಲ್ಲ.

ನಮ್ಮ ತಂದೆ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದರು. ಭಾನುವಾರ ಬೆಳಗ್ಗೆ ಸಭೆಗೆ ಹೊರಡುವ ಮೊದಲು ಮನೆಯಲ್ಲಿ ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ಕ್ಯಾಸೆಟ್ ಹಾಕುತ್ತಿದ್ದರು. ನಮ್ಮ ದೇಶದ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಈ ರೂಢಿ ಇತ್ತು. ಅಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಆ ದನಿ ಬಂದ ಕೂಡಲೇ ಒಲೆ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದಳು. ‘ಏನ್ ಅಂತಾನ ಅಂವಾ?’ ಎಂದು ತಂದೆಯನ್ನು ಕೇಳುತ್ತಿದ್ದಳು. ತಂದೆ ಒಂದು ಸಾಲಿನಲ್ಲಿ ಅರ್ಥ ಹೇಳುತ್ತಿದ್ದರು. ಅವಳಿಗೆ ಅವಳ ಭಾಷೆಯಲ್ಲೇ ಅಂಥ ಹಾಡು ಕೊಡಬೇಕು ಎಂಬ ಆಸೆ ನನಗೆ ಅಲ್ಲಿಂದ ಬಂತು.

ಮೊದಲ ಎರಡು ವರ್ಷ ಪೂರ್ತಿ ಹಾಳಾಯಿತು. ನಾನು ಇಂಗ್ಲಿಷ್ ಹಾಡುಗಳನ್ನು ಅನುವಾದ ಮಾಡುತ್ತಿದ್ದೆ. ಸುಮಾರು ನಲವತ್ತು ಹಾಡು ಮಾಡಿರಬೇಕು. ಒಂದೂ ಬಾಯಿಗೆ ಕೂರಲಿಲ್ಲ. ಇಂಗ್ಲಿಷ್‌ನಲ್ಲಿ ‘ಲಾರ್ಡ್’ ಅಂದರೆ ಒಂದು ಪೆಟ್ಟಿಗೆ ಮುಗಿಯಿತು. ನಮ್ಮಲ್ಲಿ ‘ಕರ್ತನೇ’ ಆಗಬೇಕು. ‘ಶಿಲುಬೆಯ ಮೇಲೆ’, ‘ಕೃಪೆಯಿಂದಲೇ’ ಅನ್ನುವಷ್ಟರಲ್ಲಿ ಮುಂದಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಂದಿರುತ್ತದೆ. ಇನ್ನು ಅಂತ್ಯಪ್ರಾಸ. ಸಾಲಿನ ಕೊನೆಗೆ ‘ಅಲ್ಲಿ, ಅಲ್ಲಿ, ಇಂದ, ಇಂದ’ ಎಂದು ಪ್ರತ್ಯಯಗಳೇ ಸಾಲುಗಟ್ಟುತ್ತಿದ್ದವು. ಸಭೆಯ ಗಾಯಕವೃಂದವಾದ ಕ್ವಾಯರ್‌ನವರು ಹಾಡುವಾಗ ತಾಳದ ಹಿಂದೆ ಓಡುತ್ತಿದ್ದರು. ನಮ್ಮ ಹಿರಿಯರೊಬ್ಬರು ಬಂದು, ‘ಏನಪಾ, ಇದು ನಮ್ಮ ಬಾಯಾಗ ಕೂಡೂದಿಲ್ಲ, ಬಿಟ್ಟಬಿಡು’ ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಮೂರು ದಿನ ಊಟ ಸೇರಲಿಲ್ಲ.

ದಾರಿ ತೋರಿಸಿದ್ದು ಮಗಳ ಪಾಠ. ಅವಳು ‘ತಿರುಕನೋರ್ವನೂರ ಮುಂದೆ’ ಪದ್ಯ ಕಂಠಪಾಠ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಸುಮ್ನೆ ಜಿ ಕಾರ್ಡ್ ಹಿಡಿದು ಮೂರು ಎಣಿಕೆಯ ನಡೆಯಾದ ವಾಲ್ಟ್ಜ್ ಬಾರಿಸುತ್ತಿದ್ದೆ. ಎರಡೂ ಒಂದಕ್ಕೊಂದು ಹಲ್ಲು ಕಚ್ಚಿದ ಗಾಲಿಗಳ ಹಾಗೆ ಕೂಡಿಕೊಂಡವು. ತಿರುಕ, ನೋರ್ವ, ನೂರ, ಮುಂದೆ. ಒಂದೊಂದೂ ಮೂರು ಮಾತ್ರೆಯ ಗಣ. ಒಂದು ಗಣಕ್ಕೆ ದಪ್ಪ ತಂತಿಯ ಒಂದು ಬೇಸ್ ಪೆಟ್ಟು, ಎಲ್ಲ ತಂತಿಗಳ ಎರಡು ಸ್ಟ್ರಮ್. ಆ ಪದ್ಯದ ಛಂದಸ್ಸಾದ ಭೋಗ ಷಟ್ಪದಿಗೂ ಕಂಟ್ರಿ ವಾಲ್ಟ್ಜ್‌ಗೂ ನಡಿಗೆ ಒಂದೇ! ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ನಾವೆಲ್ಲ ಇದನ್ನು ಕಾಣದೇ ಹೋದೆವಲ್ಲ ಅನ್ನಿಸಿತು. ನಮ್ಮ ಸಭೆಗಳಿಗೆ ಇದು ಹೊರಗಿನ ಮಾತೂ ಅಲ್ಲ. ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್‌ನ ಕಿಟೆಲ್. ಅದಕ್ಕೂ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂದು ಕನ್ನಡ ಪದ್ಯದಲ್ಲಿ ಬರೆದವರೂ ಅವರೇ. ಜರ್ಮನಿಯಿಂದ ಬಂದವರು ನಮ್ಮ ಛಂದಸ್ಸು ಹಿಡಿದರು. ನಾನು ಧಾರವಾಡದಲ್ಲಿ ಕೂತು ಇಂಗ್ಲಿಷ್ ಸಾಲುಗಳ ಹಿಂದೆ ಬಿದ್ದಿದ್ದೆ.

ಅವತ್ತಿನಿಂದ ಅನುವಾದ ಬಿಟ್ಟೆ. ಬೈಬಲ್ ತೆರೆದು ಭಾಗ ಓದುವುದು, ಪ್ರಾರ್ಥನೆ ಮಾಡುವುದು, ಆಮೇಲೆ ಮೂರು ಮಾತ್ರೆಯಲ್ಲಿ ಸ್ವಂತ ಸಾಲು ಬರೆಯುವುದು. ಲೂಕನ ಸುವಾರ್ತೆಯ 15ನೇ ಅಧ್ಯಾಯದಿಂದ ಮೊದಲು ಹೀಗೆ ಬಂತು:

ಹೊಳೆಯ ದಾಟಿ ಬಂದೆ ನೀನು
ಕಳೆದ ಕುರಿಯ ಹೊತ್ತೆ ನೀನು

ಹೊಳೆ ಬೈಬಲ್‌ನಲ್ಲಿಲ್ಲ, ಅದು ನಾನು ಹಾಕಿದ್ದು. ಅಂತ್ಯಪ್ರಾಸದ ಗೋಜು ಬಿಟ್ಟು ಆದಿಪ್ರಾಸ ಹಿಡಿದೆ. ಹೊಳೆ, ಕಳೆ ಎಂದು ಎರಡನೇ ಅಕ್ಷರ ಕೂಡಿದರೆ ನಮ್ಮ ಕಿವಿಗೆ ಸಾಕು. ಗಣ ಸರಿ, ಪ್ರಾಸ ಸರಿ. ಆದರೂ ಹಾಡಿದರೆ ಮಕ್ಕಳ ಪದ್ಯದ ಹಾಗೆ ಕುಣಿಯುತ್ತಿತ್ತು. ಉಸಿರು ತೆಗೆಯಲು ಜಾಗವೇ ಇಲ್ಲ. ಎರಡು ತಿಂಗಳು ಒದ್ದಾಡಿದೆ. ಒಂದು ರಾತ್ರಿ ಕೊನೆಯ ‘ನು’ ತೆಗೆದೆ. ‘ಹೊಳೆಯ ದಾಟಿ ಬಂದೆ ನೀ.’ ಅಷ್ಟೇ ನೋಡಿ. ಭೋಗ ಷಟ್ಪದಿಯ ಮೂರನೇ ಸಾಲಿನ ಕೊನೆಯಲ್ಲಿ ನಿಲ್ಲುವ ಗುರುವಿನ (ಎರಡು ಮಾತ್ರೆಯ ಅಕ್ಷರದ) ಹಾಗೆ ‘ನೀ’ ನಿಂತಿತು. ಅದನ್ನು ಎಳೆಯುವಾಗ ಗಿಟಾರ್‌ನ ಬೇಸ್ ತಂತಿ ಮುಂದಿನ ಕಾರ್ಡ್‌ಗೆ ಇಳಿಯಲು ಸಮಯ ಸಿಕ್ಕಿತು. ಕಂಟ್ರಿ ಹಾಡಿನ ಜೀವ ಇರುವುದೇ ಆ ಬಿಡುವಿನಲ್ಲಿ.

ಇನ್ನೆರಡು ಮಾತು. ಮೂರೂ ಲಘು (ಒಂದು ಮಾತ್ರೆಯ ಅಕ್ಷರ) ಇರುವ ಗಣ ಸತತ ಬಂದರೆ ಓಟ ಜಾಸ್ತಿಯಾಗುತ್ತದೆ. ಎರಡನೆಯದೋ ಮೂರನೆಯದೋ ‘ದಾಟಿ’ ಥರ ಗುರು-ಲಘು ಇರಲಿ. ‘ಮಹಾ’ ಥರದ ಲಘು-ಗುರು ಗಣ ಬೇಡವೇ ಬೇಡ, ಬೇಸ್ ಪೆಟ್ಟು ತಪ್ಪು ಅಕ್ಷರದ ಮೇಲೆ ಬೀಳುತ್ತದೆ. ವೇಗ ನಿಮಿಷಕ್ಕೆ 96 ಬೀಟ್‌ನ ಆಸುಪಾಸು. ಪಲ್ಲವಿಗೆ ಹೋಗುವ ಮುಂಚಿನ ಸಾಲಿನಲ್ಲಿ ನಾನು ಒಂದು ಗಣವನ್ನು ಒಡೆಯುತ್ತೇನೆ. ಅದು ಹೇಗೆ ಎಂಬುದು ನನ್ನ ಹತ್ತಿರವೇ ಇರಲಿ. ಹಾಡು ಕೇಳಿದವರಿಗೆ ಗೊತ್ತಾಗುತ್ತದೆ.

ನಡುವೆ ಭಾಮಿನಿ ಷಟ್ಪದಿಯಲ್ಲೂ ಪ್ರಯತ್ನಿಸಿದೆ. ಮೂರು-ನಾಲ್ಕು, ಮೂರು-ನಾಲ್ಕು. ತಬಲಾಕ್ಕೆ ಚೆಂದ, ನಮ್ಮ ಕೆಲಸಕ್ಕೆ ಬರಲಿಲ್ಲ.

ಈಗ ದನಿಯ ವಿಷಯ. ಜಿಮ್ ರೀವ್ಸ್ ಮೊದಲು ಎತ್ತರದ ದನಿಯಲ್ಲೇ ಹಾಡುತ್ತಿದ್ದರು. 1957ರ ಹೊತ್ತಿಗೆ ಶ್ರುತಿ ಇಳಿಸಿ, ತುಟಿ ಮೈಕಿಗೆ ತಾಗುವಷ್ಟು ಹತ್ತಿರ ನಿಂತು, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹಾಡತೊಡಗಿದರು. ಅವರ ನಿರ್ಮಾಪಕ ಚೆಟ್ ಆಟ್ಕಿನ್ಸ್ ನ್ಯಾಶ್‌ವಿಲ್‌ನಲ್ಲಿ ಆ ಮೆದು ದನಿಯ ಸುತ್ತ ಧ್ವನಿಮುದ್ರಣ ಕಟ್ಟಿದರು. ನನಗೂ ಅದೇ ಬೇಕಿತ್ತು. ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಮೂರು ದಿನಕ್ಕೆ ಹದಿನೆಂಟು ಸಾವಿರ ಕೊಟ್ಟೆ. ಅವರು ಕೀಬೋರ್ಡ್ ಪ್ಯಾಡ್ ತುಂಬಿ, ಎಕೋ ಸುರಿದು, ಡ್ರಮ್ ಲೂಪ್ ಹಾಕಿ ಕೊಟ್ಟರು. ನನ್ನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಆ ದುಡ್ಡು ಹೋಯಿತು.

ಆಮೇಲೆ ಮನೆಯಲ್ಲೇ ಮಾಡಿದೆ. ಮೊದಲು ಸಾವಿರದ ಇನ್ನೂರರ ಮೈಕ್ ತಂದು ಕೆಟ್ಟೆ. ಆಮೇಲೆ ಒಂಬತ್ತು ಸಾವಿರ ಚಿಲ್ಲರೆ ಕೊಟ್ಟು ಶೂರ್ ಎಸ್‌ಎಂ58 ಮೈಕ್ ತಂದೆ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೋ ಇಂಟರ್ಫೇಸ್ ಸೆಕೆಂಡ್ ಹ್ಯಾಂಡ್, ಆರು ಸಾವಿರ. ಮೈಕಿಗೆ ಎರಡು ಬೆರಳಿನ ಅಂತರದಲ್ಲಿ ಹಾಡಿದರೆ ದನಿಗೆ ತಾನಾಗಿಯೇ ತೂಕ ಬರುತ್ತದೆ. ಆದರೆ ಕನ್ನಡದಲ್ಲಿ ಒಂದು ತೊಂದರೆ ಇದೆ. ನಮ್ಮ ಭಕ್ತಿಯ ಮಾತುಗಳಲ್ಲಿ ‘ಪ’ಕಾರ ಎಷ್ಟು! ಪ್ರಭು, ಪವಿತ್ರ, ಪರಲೋಕ, ಪಾಪ, ಪ್ರೀತಿ. ಪ್ರತಿಯೊಂದೂ ಮೈಕಿನಲ್ಲಿ ಪಟಾಕಿಯ ಹಾಗೆ ಸಿಡಿಯುತ್ತದೆ. ಮೈಕನ್ನು ಬಾಯಿಯ ಎಡ ಮೂಲೆಗೆ ಓರೆಯಾಗಿ ಇಟ್ಟೆ, ಅರ್ಧ ಸರಿಹೋಯಿತು. ಉಳಿದರ್ಧಕ್ಕೆ ಮಾತು ಬದಲಿಸಿದೆ. ‘ಪ್ರಭು’ ಬದಲು ‘ಒಡೆಯ’. ಅದು ಸರಿಯಾಗಿ ಮೂರು ಮಾತ್ರೆ.

ತಂತಿಯ ಮೇಲೆ ಲೋಹದ ಸರಳು ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್ ಇಲ್ಲದೆ ಕಂಟ್ರಿ ಆಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಪೆಡಲ್ ಸ್ಟೀಲ್ ತರಿಸುವ ದುಡ್ಡು ನನ್ನ ಹತ್ತಿರ ಇರಲಿಲ್ಲ. ಹಿಂದೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಹಿರಿಯರೊಬ್ಬರ ಮನೆಯ ಅಟ್ಟದಲ್ಲಿ ಅದೇ ಜಾತಿಯ ಹವಾಯಿಯನ್ ಗಿಟಾರ್ ಇತ್ತು. ನಾಲ್ಕು ಸಾವಿರಕ್ಕೆ ಕೊಟ್ಟರು, ರಿಪೇರಿಗೆ ಎರಡೂವರೆ. ಅದರ ಶ್ರುತಿಯನ್ನು ನಾನು ಬೇರೆ ಥರ ಕಟ್ಟಿದ್ದೇನೆ, ಅದನ್ನೂ ಇಲ್ಲಿ ಬಿಚ್ಚುವುದಿಲ್ಲ. ಎಲ್ಲ ಸೇರಿ ನಾಲ್ಕು ವರ್ಷದಲ್ಲಿ ಅರವತ್ತು ಸಾವಿರದ ಮೇಲೆ ಹೋಗಿದೆ. ಸಭೆಯ ಕಾಣಿಕೆಯಿಂದ ಒಂದು ರೂಪಾಯಿ ಮುಟ್ಟಿಲ್ಲ.

ಒಂದೇ ಗಿಟಾರ್ ಇರುವ ಸಭೆಯವರು ಅಮೆರಿಕದ ಕಂಟ್ರಿ ಗಿಟಾರ್ ವಾದಕಿ ಮೇಬೆಲ್ ಕಾರ್ಟರ್ ಅವರ ಕೈ ಕೇಳಲೇಬೇಕು. 1927ರಲ್ಲಿ ಅಮೆರಿಕದ ಬ್ರಿಸ್ಟಲ್‌ನಲ್ಲಿ ಕಾರ್ಟರ್ ಕುಟುಂಬ ಮೊದಲ ಸಲ ರೆಕಾರ್ಡ್ ಮಾಡಿದಾಗ ಅವರಿಗೆ ಹದಿನೆಂಟು ವಯಸ್ಸು. ಹೆಬ್ಬೆರಳಿನಿಂದ ಬೇಸ್ ತಂತಿಗಳ ಮೇಲೆ ರಾಗ, ಬೆರಳುಗಳಿಂದ ಮೇಲಿನ ತಂತಿಗಳಲ್ಲಿ ತಾಳ. ಆ ಕೈ ಕಲಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಈಗ ಕೀಬೋರ್ಡ್ ಇಲ್ಲದಿದ್ದರೂ ನಮ್ಮ ಕ್ವಾಯರ್ ಶ್ರುತಿ ತಪ್ಪುವುದಿಲ್ಲ.

ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ‘ಲ್ಯೂಕ್ ದ ಡ್ರಿಫ್ಟರ್’ ಹೆಸರಿನಲ್ಲಿ ಸಂಗೀತದ ಮೇಲೆ ಮಾತಾಡುತ್ತಿದ್ದರಲ್ಲ, ಅದನ್ನೂ ಮಾಡಿ ನೋಡಿದೆ. ನಾನು ಓದಿದಾಗ ಪಾದ್ರಿಯ ಪ್ರಸಂಗದ ಹಾಗಾಯಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಂದ 23ನೇ ಕೀರ್ತನೆಯನ್ನು ಅವರ ಊರ ಮಾತಿನಲ್ಲೇ ಹೇಳಿಸಿದೆ. ಹಿಂದೆ ಗಿಟಾರ್ ಮೆಲ್ಲಗೆ. ಇಡೀ ಸಭೆ ಉಸಿರು ಹಿಡಿದು ಕೇಳಿತು.

ಇದೆಲ್ಲಕ್ಕಿಂತ ದೊಡ್ಡ ಜಗಳ ಆಗಿದ್ದು ಒಂದು ಮಾತಿಗೆ. ಅಮೆರಿಕದ ಆ ಹಾಡುಗಳಲ್ಲಿ ಪರಲೋಕ ಅಂದರೆ ‘ಹೋಮ್’. ದುಡಿದು ದಣಿದವರು ಕೊನೆಗೆ ಮರಳುವ ಜಾಗ. ಅದಕ್ಕೆ ‘ಮನೆ’ ಎಂದು ಹಾಕಿದರೆ ಸಪ್ಪೆ. ನಾನು ‘ಹೊಳೆಯ ದಾಟಿ’ ಹಾಡಿನಲ್ಲಿ ‘ತವರು’ ಎಂದು ಬರೆದೆ. ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಯಿತು. ಆದರೆ ನಮ್ಮ ಹಿರಿಯರು ಒಪ್ಪಲಿಲ್ಲ. ‘ಸಭೆ ಕ್ರಿಸ್ತನ ಮದಲಗಿತ್ತಿ. ಬೈಬಲ್ಲಿನ ಪ್ರಕಟನೆ ಪುಸ್ತಕದೊಳಗ ಹಂಗ ಐತಿ. ಅಂದ್ರ ಪರಲೋಕ ಗಂಡನ ಮನಿ ಆತು. ತವರು ಹೆಂಗ ಆಕ್ಕೈತಿ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಾನು ಒಂದು ವಾರ ಸಮಯ ಕೇಳಿದೆ. ಯೋಹಾನನ ಸುವಾರ್ತೆಯ 14ನೇ ಅಧ್ಯಾಯ ತೆಗೆದುಕೊಂಡು ಹೋದೆ. ಯೇಸು ಸ್ವಾಮಿ ಅಲ್ಲಿ ಹೇಳುವುದು ‘ನನ್ನ ತಂದೆಯ ಮನೆ’ ಎಂದು. ತಂದೆಯ ಮನೆಗೆ ನಮ್ಮಲ್ಲಿ ಏನಂತಾರೆ, ಹೇಳಿ ಅಂದೆ. ಅವರು ಸ್ವಲ್ಪ ಹೊತ್ತು ಪುಸ್ತಕ ನೋಡುತ್ತ ಕೂತರು. ‘ಹಾಡ್ಸಪಾ’ ಅಂದರು.

ಅಮ್ಮ ಈ ಹಾಡು ಕೇಳಿದ್ದು ಒಂದೇ ಸಲ, ಹಾಸಿಗೆಯ ಮೇಲೆ. ಅರ್ಥ ಕೇಳುವ ಅಗತ್ಯ ಬೀಳಲಿಲ್ಲ. ಅವಳನ್ನು ಮಣ್ಣು ಮಾಡುವ ದಿನ ಮಳೆ ಹನಿಯುತ್ತಿತ್ತು. ಮೈಕ್ ಇಲ್ಲ, ಹಾಳೆಗಳು ನೆನೆದಿದ್ದವು. ಗಿಟಾರನ್ನು ನನ್ನ ತಮ್ಮ ಕೊಡೆ ಹಿಡಿದು ಕಾಯ್ದ. 96ರ ವೇಗದಲ್ಲಿ ಶುರು ಮಾಡಿದ್ದು ಎರಡನೇ ಚರಣಕ್ಕೆ ತಾನಾಗಿಯೇ ಎಂಬತ್ತಕ್ಕೆ ಇಳಿಯಿತು. ನಾನು ‘ನೀ’ಗೆ ಒಂದು ಬಾರ್ (ಮೂರು ಎಣಿಕೆಯ ಒಂದು ಸುತ್ತು) ಮಾತ್ರ ಕೊಟ್ಟಿದ್ದೆ. ಜನ ಅಷ್ಟಕ್ಕೆ ಬಿಡಲಿಲ್ಲ, ಎರಡು ಬಾರ್ ಹಿಡಿದರು. ನಾನೂ ಕಾರ್ಡ್ ಬದಲಿಸದೆ ಕಾದೆ. ಈಸ್ಟರ್‌ಗೆ ಅಚ್ಚು ಹಾಕಿಸಿದ ಹಾಳೆಯಲ್ಲಿ ಎರಡು ಬಾರ್ ಎಂದೇ ಬರೆಸಿದ್ದೇನೆ.