ಹಾಕಿದ ಬಟನ್‌ಗಳು, ಕಿತ್ತ ಬಟನ್‌ಗಳು

ಕಾರಟಗಿ ಕಡೆಯ ರೈತರೊಬ್ಬರು ಬೆಂಕಿ ರೋಗ ತಗುಲಿದ ತಮ್ಮ ಭತ್ತದ ಗದ್ದೆಯ ಫೋಟೊವನ್ನು, ಭತ್ತ ಬೆಳೆಯುವವರಿಗಾಗಿ ನಾನು ಮಾಡಿದ ಆ್ಯಪ್‌ಗೆ ಹಾಕಿದ್ದರು. ಸಂಜೆಯ ಹೊತ್ತಿಗೆ ಅದಕ್ಕೆ 41 ಲೈಕ್ ಬಿದ್ದಿದ್ದವು. ಗಂಗಾವತಿಯ ನನ್ನ ಪುಟ್ಟ ಅಂಗಡಿಯಲ್ಲಿ ಕುಳಿತು ಆ ಸಂಖ್ಯೆಯನ್ನು ನೋಡಿ ನಾನು ಹಿಗ್ಗುತ್ತಿರುವಾಗಲೇ ಅವರ ಫೋನ್ ಬಂತು.

‘ತಮ್ಮಾ, ನನ್ನ ಗದ್ದೆ ಸುಟ್ಟು ಕರಕಲಾಗಿದೆ. ಅದನ್ನು ನಲವತ್ತು ಜನ ಮೆಚ್ಚಿಕೊಂಡಿದ್ದಾರಲ್ಲ, ಇವರಿಗೆಲ್ಲ ನಾನೇನು ಮಾಡಿದ್ದೆ?’

ಲೈಕ್ ಒತ್ತಿದವರು ಕೆಟ್ಟವರೇನಲ್ಲ. ‘ಪಾಪ, ನೋಡಿದೆ’ ಎಂದು ಹೇಳಲು ನಾನು ಅವರ ಕೈಗೆ ಕೊಟ್ಟಿದ್ದು ಒಂದು ಹೆಬ್ಬೆರಳನ್ನು ಮಾತ್ರ. 2009ರಲ್ಲಿ ಫೇಸ್‌ಬುಕ್ ಲೈಕ್ ಬಟನ್ ತಂದಂದಿನಿಂದಲೂ ಸಾವಿನ ಸುದ್ದಿಗೆ ಜನ ಅದನ್ನೇ ಒತ್ತುತ್ತಿದ್ದರು. 2016ರಲ್ಲಿ ಅವರು ಅಳುವ ಮುಖ, ಸಿಟ್ಟಿನ ಮುಖ ಎಲ್ಲ ಸೇರಿಸಿ ಒಂದನ್ನು ಆರು ಮಾಡಿದರು. ನಾನು ಮುಖಗಳ ಗೊಡವೆಗೆ ಹೋಗಲಿಲ್ಲ. ಹೆಬ್ಬೆರಳನ್ನು ಕಿತ್ತು ಆ ಜಾಗದಲ್ಲಿ ‘ನಮ್ಮಲ್ಲೂ ಇದೆ’ ಎಂಬ ಬಟನ್ ಕೂರಿಸಿದೆ. ಯಾರ ಹೊಲ ಯಾವ ವಿತರಣಾ ಕಾಲುವೆಯ ಕೆಳಗಿದೆ ಎಂಬುದನ್ನು ಸೇರುವಾಗಲೇ ಬರೆಸಿಕೊಂಡಿದ್ದೆವು. ಹಾಗಾಗಿ ರೋಗ ಯಾವ ಊರಿನವರೆಗೆ ಬಂದಿದೆ, ನಾಳೆ ಯಾರು ಎಚ್ಚರದಿಂದಿರಬೇಕು ಎಂಬುದು ಎರಡೇ ವಾರದಲ್ಲಿ ಕಾಣತೊಡಗಿತು. ಈ ಆ್ಯಪ್‌ನಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾದ ಕೆಲಸ ಇದೊಂದೇ. ಉಳಿದವೆಲ್ಲ ದೊಡ್ಡವರಿಂದ ಕದ್ದವು. ಕದ್ದು ತಂದು ಹಾಕಿ, ಮುಕ್ಕಾಲು ಪಾಲನ್ನು ಮತ್ತೆ ಕಿತ್ತ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕದಿಯುವುದು ನನಗೆ ಗೊತ್ತಿತ್ತು. ಬೆಂಗಳೂರಿನ ಕಂಪನಿಯೊಂದರಲ್ಲಿ ಆರು ವರ್ಷ ನಾನು ಮಾಡಿದ್ದು ಅದೇ ಕೆಲಸ. ಖರೀದಿ ಆ್ಯಪ್ ಒಂದನ್ನು ಜನ ದಿನಕ್ಕೊಮ್ಮೆಯಾದರೂ ತೆರೆಯುವಂತೆ ಮಾಡಬೇಕಿತ್ತು. ತೆರೆದು ಕೊಳ್ಳದಿದ್ದರೂ ಚಿಂತೆಯಿಲ್ಲ, ತೆರೆಯಬೇಕು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ಆ ಜೂನ್ ಕೊನೆಗೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹತ್ತು ದಿನ ಕಳೆಯುವುದರೊಳಗೆ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತೆರೆಯಿತು. ಗದ್ದೆಯ ಬದುವಿನ ಮೇಲೆ ಕುಣಿಯುತ್ತಿದ್ದ ನಮ್ಮೂರಿನ ಹುಡುಗರು ಒಂದೇ ವಾರದಲ್ಲಿ ಅಲ್ಲಿಗೆ ಗುಳೆ ಹೋದರು. ಅದನ್ನು ನೋಡಿಯೇ ನನಗೆ ಆಸೆ ಹುಟ್ಟಿದ್ದು. ಕುಣಿಯುವವರಿಗೆ ಇಷ್ಟೊಂದು ಜಾಗ ಇರುವಾಗ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ಒಂದು ಕಟ್ಟೆ ಬೇಡವೇ ಎಂದುಕೊಂಡೆ. ಮುನಿರಾಬಾದಿನಿಂದ ಹೊರಟು 200 ಕಿಲೋಮೀಟರಿಗೂ ಹೆಚ್ಚು ಹರಿದು ರಾಯಚೂರು ಜಿಲ್ಲೆಗೆ ಹೋಗುವ ಕಾಲುವೆ ಅದು. ಮೇಲ್ಭಾಗದವರು ನಾಟಿ ಮುಗಿಸಿದಾಗ ಕೊನೆ ಭಾಗದವರು ಇನ್ನೂ ನೀರಿನ ದಾರಿ ನೋಡುತ್ತಿರುತ್ತಾರೆ. ಮಾತನಾಡಿಕೊಳ್ಳುವುದಕ್ಕೆ ವಿಷಯದ ಬರವಿರಲಿಲ್ಲ.

ಮೊದಲು ಕದ್ದದ್ದು ಮುಗಿಯದ ಪುಟವನ್ನು. ಬೆರಳಿನಿಂದ ತಳ್ಳಿದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುವ ಆ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದವನು ಏಜಾ ರಾಸ್ಕಿನ್. ಹಾಗೆ ಮಾಡಬಾರದಿತ್ತು ಎಂದು ಮುಂದೆ ಅವನೇ ಹಲವು ಬಾರಿ ಹೇಳಿಕೊಂಡಿದ್ದಾನೆ. ನಾನೂ ಹೇಳಬೇಕಾಯಿತು, ಆದರೆ ಕಾರಣ ಬೇರೆ. ನಮ್ಮ ರೈತರು ಬೆಳಿಗ್ಗೆ ಒಂದು ಔಷಧಿಯ ಹೆಸರು ನೋಡಿರುತ್ತಾರೆ, ಮಧ್ಯಾಹ್ನ ಪೇಟೆಗೆ ಬಂದು ಅಂಗಡಿಯವನಿಗೆ ಅದನ್ನು ತೋರಿಸಬೇಕು. ಅಷ್ಟರಲ್ಲಿ ಪುಟ ಎಲ್ಲಿಗೋ ಹೋಗಿರುತ್ತದೆ. ಕೌಂಟರಿನ ಮುಂದೆ ನಿಂತು ಉಜ್ಜುತ್ತಾ, ಉಜ್ಜುತ್ತಾ, ಸಿಗದೆ ನನಗೆ ಫೋನ್ ಮಾಡುತ್ತಿದ್ದರು. ಒಬ್ಬೊಬ್ಬರು ಆ್ಯಪ್‌ನಲ್ಲಿ ಕಳೆಯುವ ಸಮಯ ಮಾತ್ರ ನನ್ನ ಲೆಕ್ಕದಲ್ಲಿ ಏರುತ್ತಲೇ ಇತ್ತು. ಹುಡುಕಾಟವನ್ನು ನಾನು ಆಸಕ್ತಿ ಎಂದು ಬರೆದುಕೊಳ್ಳುತ್ತಿದ್ದೆ. ಎರಡು ತಿಂಗಳಿಗೆ ಅದನ್ನು ತೆಗೆದು ‘ಇಂದು’, ‘ನಿನ್ನೆ’, ‘ಮೊನ್ನೆ’ ಎಂದು ದಿನಕ್ಕೊಂದು ಪುಟ ಮಾಡಿದೆ. ಪುಟ ಮುಗಿದರೆ ಮುಗಿಯಿತು.

2007ರ ಸುಮಾರಿಗೆ ಗಂಗಾವತಿಯ ಇಂಟರ್‌ನೆಟ್ ಸೆಂಟರಿನಲ್ಲಿ ನಾವು ಆರ್ಕುಟ್ ನೋಡುತ್ತಿದ್ದೆವು. ಗೆಳೆಯರಿಗೆ ಸ್ಕ್ರ್ಯಾಪ್ ಬರೆಯುವುದಕ್ಕಿಂತ, ನಮ್ಮ ಪ್ರೊಫೈಲ್ ನೋಡಿಹೋದವರು ಯಾರು ಎಂದು ಇಣುಕುವುದಕ್ಕೇ ಹೋಗುತ್ತಿದ್ದೆವು. ಆದರೆ ಗಂಟೆ ಮುಗಿಯುತ್ತಲೇ ಸೆಂಟರಿನ ಮಾಲೀಕ ಬೆನ್ನಿಗೆ ಬಂದು ನಿಲ್ಲುತ್ತಿದ್ದ, ಏಳಲೇಬೇಕು. 2016ರಲ್ಲಿ ಜಿಯೊ ಬಂದ ಮೇಲೆ ಹಾಗೆ ಎಬ್ಬಿಸುವವರು ಯಾರೂ ಉಳಿಯಲಿಲ್ಲ.

ಇನ್ನು ನೋಟಿಫಿಕೇಶನ್. ಇದರಲ್ಲಿ ನಾನು ಪಳಗಿದವನು. ಬೆಂಗಳೂರಿನಲ್ಲಿ ಕಲಿತ ಗುಟ್ಟು ಎಂದರೆ ಪೂರ್ತಿ ಹೇಳಬಾರದು. ‘ನಿಮ್ಮ ಪ್ರಶ್ನೆಗೆ ಒಬ್ಬರು ಉತ್ತರಿಸಿದ್ದಾರೆ’ ಎಂದಷ್ಟೇ ಬರಬೇಕು. ಯಾರು, ಏನು ಎಂದು ತಿಳಿಯಲು ಒಳಗೆ ಬರಲೇಬೇಕು. ಹಾಗೆಯೇ ಮಾಡಿದೆ. ಒಂದು ದಿನ ನನ್ನ ಸೋದರಮಾವ ಗದ್ದೆಯಲ್ಲಿ ಔಷಧಿ ಹೊಡೆಯುವವರ ಜೊತೆ ನಿಂತಿದ್ದರು, ನಾನೂ ಬದುವಿನ ಮೇಲಿದ್ದೆ. ಕಂದು ಜಿಗಿಹುಳುವಿಗೆ ಎಕರೆಗೆ ಎಷ್ಟು ಔಷಧಿ ಎಂದು ಬೆಳಿಗ್ಗೆ ಕೇಳಿದ್ದಕ್ಕೆ ಆಗ ಉತ್ತರ ಬಂತು. ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ಮಾವ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿಕೊಂಡು, ತೆರೆದರೆ ಸಿಗ್ನಲ್ ಇಲ್ಲ. ಚಕ್ರ ತಿರುಗುತ್ತಿದೆ. ಹೊಡೆಯುವವರು ಪಂಪ್ ಹೊತ್ತುಕೊಂಡು ಕಾಯುತ್ತಿದ್ದಾರೆ.

‘ಉತ್ತರ ನಿನ್ನ ಕೈಯಲ್ಲೇ ಇತ್ತಲ್ಲ, ಬಾಗಿಲಿಗೆ ಬಂದು ಕೊಡದೆ ಒಳಗೆ ಬಾ ಎಂದರೆ ಹೇಗೆ?’ ಎಂದರು ಮಾವ. ಬೈದದ್ದಲ್ಲ, ಕೇಳಿದ್ದು. ಅದೇ ಹೆಚ್ಚು ಚುಚ್ಚಿತು.

ಅಂದು ರಾತ್ರಿಯೇ ಉತ್ತರವನ್ನು ಪೂರ್ತಿಯಾಗಿ ನೋಟಿಫಿಕೇಶನ್‌ನಲ್ಲಿ ಬರುವಂತೆ ಬದಲಿಸಿದೆ. ಆ್ಯಪ್ ತೆರೆಯುವವರ ಸಂಖ್ಯೆ ಸುಮಾರು ಮೂರನೇ ಒಂದು ಪಾಲು ಇಳಿಯಿತು. ಪ್ರಶ್ನೆ ಕೇಳುವವರು ಮಾತ್ರ ಹೆಚ್ಚಾದರು. ಇಳಿದದ್ದರಿಂದ ಪೆಟ್ಟು ಬಿದ್ದದ್ದು ನನ್ನ ಜೇಬಿಗೆ. ನಮಗೆ ಜಾಹೀರಾತು ಕೊಡುತ್ತಿದ್ದ ಬೀಜ–ಗೊಬ್ಬರದ ಅಂಗಡಿಯವರು ತಿಂಗಳ ಮೊದಲ ವಾರ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ದಿನಕ್ಕೆ ಎಷ್ಟು ಸಲ ತೆರೆಯುತ್ತಾರೆ?’ ಎಷ್ಟು ಜನರ ಬೆಳೆ ಉಳಿಯಿತು ಎಂದು ಯಾವ ಅಂಗಡಿಯವರೂ ಕೇಳಲಿಲ್ಲ, ಕೇಳಬೇಕೆಂದು ನಾನು ನಿರೀಕ್ಷಿಸಲೂ ಇಲ್ಲ. ದೊಡ್ಡ ಕಂಪನಿಗಳ ಹಣೆಬರಹವೂ ಇಷ್ಟೇ. ಬಳಸುವವರು ದುಡ್ಡು ಕೊಡುವುದಿಲ್ಲ, ಜಾಹೀರಾತಿನವರು ಕೊಡುತ್ತಾರೆ. ಅವರಿಗೆ ಬೇಕಾದದ್ದು ಪರದೆಯ ಮುಂದಿರುವ ಕಣ್ಣು.

ಸ್ನ್ಯಾಪ್‌ಚಾಟ್‌ನವರು 2013ರಲ್ಲಿ ಹುಟ್ಟಿಸಿದ್ದನ್ನು ಇನ್‌ಸ್ಟಾಗ್ರಾಂ 2016ರಲ್ಲಿ ಎತ್ತಿಕೊಂಡು, ವಾಟ್ಸ್‌ಆ್ಯಪ್ 2017ರಲ್ಲಿ ಸ್ಟೇಟಸ್ ಎಂದು ಮಾಡಿಕೊಂಡ, 24 ಗಂಟೆಯಲ್ಲಿ ಅಳಿಸಿಹೋಗುವ ಫೋಟೊಗಳನ್ನು ನಾನೂ ತಂದೆ. ನೆಲ ಕಚ್ಚಿತು. ರೈತನಿಗೆ ಬೇಕಾದದ್ದು ಹೋದ ವರ್ಷದ ಫೋಟೊ. ನಾನು ನಿನ್ನೆಯದನ್ನು ಅಳಿಸುತ್ತಿದ್ದೆ. ಅದನ್ನು ಬಿಟ್ಟು ಫೇಸ್‌ಬುಕ್‌ನ ನೆನಪಿನ ಪುಟದಂತೆ ‘ಹೋದ ವರ್ಷ ಇದೇ ದಿನ’ ಎಂಬುದನ್ನು ಇಟ್ಟಾಗ ಚೆನ್ನಾಗಿ ನಡೆಯಿತು. ಸಸಿ ಮಡಿಗೆ ಬೀಜ ಹಾಕಿದ ದಿನ, ಕಾಲುವೆಗೆ ನೀರು ಬಿಟ್ಟ ದಿನ, 75 ಕಿಲೋ ಚೀಲಕ್ಕೆ ಸಿಕ್ಕ ದರ ಎಲ್ಲ ಅಲ್ಲಿ ಸಿಗುತ್ತದೆ.

ಕಾಮೆಂಟು ಹೆಚ್ಚು ಬಂದದ್ದನ್ನು ಮೇಲಕ್ಕೆ ಏರಿಸುವ ಲೆಕ್ಕಾಚಾರವನ್ನೂ ಒಂದು ಬೇಸಿಗೆ ಹಂಗಾಮಿನಲ್ಲಿ ಹಾಕಿ ನೋಡಿದೆ. ಮೂರನೇ ದಿನಕ್ಕೆ ಮೇಲಿನ ಐದು ಪೋಸ್ಟುಗಳೂ ಜಗಳ. ಮೇಲ್ಭಾಗದವರು ಅಕ್ರಮವಾಗಿ ಪಂಪ್ ಇಟ್ಟು ನೀರೆತ್ತುತ್ತಾರೆ ಎಂದು ಕೊನೆ ಭಾಗದವರು, ನಿಮ್ಮ ಕಾಲುವೆಯ ಹೂಳು ನೀವೇ ತೆಗೆಯಿರಿ ಎಂದು ಮೇಲ್ಭಾಗದವರು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರೊಬ್ಬರು ತೆಲುಗನ್ನು ಕನ್ನಡ ಲಿಪಿಯಲ್ಲಿ ಬರೆದು ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡರು. ಫೇಸ್‌ಬುಕ್ ಒಂದು ಕಾಲದಲ್ಲಿ ಸಿಟ್ಟಿನ ಮುಖವೊಂದನ್ನು ಐದು ಲೈಕ್‌ಗೆ ಸಮ ಎಂದು ಎಣಿಸುತ್ತಿತ್ತು ಎಂಬುದು 2021ರಲ್ಲಿ ಹೊರಬಿದ್ದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಜಗಳ ನಡೆಯುವ ಜಾಗದಲ್ಲಿ ಜನ ಸೈಕಲ್ ನಿಲ್ಲಿಸಿ ನೋಡುತ್ತಾರೆ. ಅದು ಸಂತೆಯಲ್ಲೂ ಇದ್ದದ್ದೇ.

ನಾಚಿಕೆಯಾಗುವುದು ತೆನೆಯ ವಿಷಯಕ್ಕೆ. ಸ್ನ್ಯಾಪ್‌ಚಾಟ್‌ನಲ್ಲಿ ಇಬ್ಬರು ಗೆಳೆಯರು ದಿನವೂ ತಪ್ಪದೆ ಫೋಟೊ ಕಳುಹಿಸಿಕೊಂಡರೆ ಹೆಸರಿನ ಮುಂದೆ ಬೆಂಕಿಯ ಗುರುತು, ದಿನದ ಲೆಕ್ಕ ಬರುತ್ತದೆ. ನಾನು ಬೆಂಕಿಯ ಬದಲು ಭತ್ತದ ತೆನೆ ಬರೆಸಿದೆ. ಆ್ಯಪ್ ತೆರೆದ ಪ್ರತಿ ದಿನಕ್ಕೊಂದು ಕಾಳು. ಒಂದು ದಿನ ತಪ್ಪಿದರೆ ‘ನಿಮ್ಮ ತೆನೆ ಉದುರಿತು’ ಎಂಬ ಸಂದೇಶ. ಬರೆದಾಗ ನನಗದು ಬಹಳ ಚಂದ ಕಂಡಿತ್ತು.

ಸಿದ್ದಾಪುರದ ಅಜ್ಜರೊಬ್ಬರು 112 ಕಾಳು ಕೂಡಿಸಿದ್ದರು. ಮಸ್ಕಿಯಲ್ಲಿರುವ ಮಗಳ ಮನೆಗೆ ಹೋದಾಗ ರೀಚಾರ್ಜ್ ಮುಗಿದು ಎರಡು ದಿನ ತೆರೆಯಲಾಗಲಿಲ್ಲ. ಮೂರನೆಯ ದಿನ ಬಸ್ ಹಿಡಿದು ನೇರ ನನ್ನ ಅಂಗಡಿಗೇ ಬಂದರು. ಫೋನನ್ನು ಮೇಜಿನ ಮೇಲೆ ಇಟ್ಟರು.

‘ಕಟಾವು ಹತ್ತಿರ ಬಂದಾಗ ಇಂಥ ಮಾತು ಬರೆಯುತ್ತಾರೇನಪ್ಪಾ? ಮನೆಯಲ್ಲಿ ಮುದುಕಿ ಓದಿಸಿಕೊಂಡು ಗಾಬರಿಯಾಗಿದ್ದಾಳೆ.’

‘ಅಜ್ಜಾ, ಅದು ಆಟದ ತೆನೆ. ನಿಮ್ಮ ಗದ್ದೆಯದ್ದಲ್ಲ.’

‘ಆಟದ್ದಾದರೆ ಮತ್ತೆ ಕೂಡಿಸಿ ಕೊಡು.’

ಕೂಡಿಸಿ ಕೊಟ್ಟೆ, ಕೈಯಾರೆ ಡೇಟಾಬೇಸಿಗೆ ಹೋಗಿ 112 ಎಂದು ಬರೆದೆ. ಅವರ ಮುಖದ ಮೇಲೆ ಬಂದ ಸಮಾಧಾನವನ್ನು ನೋಡಿದ ಮೇಲೆ ಆ ತೆನೆಯನ್ನು ಉಳಿಸಿಕೊಳ್ಳಲು ಮನಸ್ಸಾಗಲಿಲ್ಲ. ಅವರಿಗೆ ಆ್ಯಪ್‌ನಿಂದ ಆ ಎರಡು ದಿನ ಏನೂ ನಷ್ಟವಾಗಿರಲಿಲ್ಲ. ಇಲ್ಲದ ಕಾಳನ್ನು ನಾನೇ ಕೊಟ್ಟು, ನಾನೇ ಕಸಿದುಕೊಂಡು, ಎಪ್ಪತ್ತು ದಾಟಿದವರನ್ನು ಬಸ್ ಹತ್ತಿಸಿದ್ದೆ. ಮುಂದಿನ ವಾರ ಎಲ್ಲರ ತೆನೆಯನ್ನೂ ತೆಗೆದುಹಾಕಿದೆ. ಯಾಕೆ ತೆಗೆದೆ ಎಂದು ಕೇಳಿ ಬಂದ ಫೋನ್‌ಗಳೇ ನನ್ನ ಅನುಮಾನವನ್ನು ಗಟ್ಟಿ ಮಾಡಿದವು.

ಇಷ್ಟೆಲ್ಲ ಮಾಡಿ ಕಿತ್ತ ಮೇಲೂ ಜನ ಬಿಡದೆ ಬರುತ್ತಿದ್ದದ್ದು ಒಂದಕ್ಕೆ: ಬೆಳಿಗ್ಗೆ ಏಳಕ್ಕೆ ತುಂಗಭದ್ರಾ ಜಲಾಶಯದ ಮಟ್ಟ. ಪೂರ್ಣ ಮಟ್ಟ 1633 ಅಡಿ, ಇಂದು ಎಷ್ಟು, ಒಳಹರಿವು ಎಷ್ಟು, ಕಾಲುವೆಗೆ ಎಷ್ಟು ಕ್ಯೂಸೆಕ್. ನಾಲ್ಕು ಸಾಲು. ಇದನ್ನು ಏಳಕ್ಕೇ ಹಾಕದೆ ದಿನಕ್ಕೊಂದು ಹೊತ್ತಿಗೆ ಹಾಕು, ಜನ ಹತ್ತು ಸಲ ತೆರೆದು ನೋಡುತ್ತಾರೆ ಎಂದು ಬೆಂಗಳೂರಿನ ಹಳೆಯ ಸಹೋದ್ಯೋಗಿ ಸಲಹೆ ಕೊಟ್ಟ. ತಪ್ಪಲ್ಲ. ಯಾವ ಕುಕ್ಕಿಗೆ ಕಾಳು ಬೀಳುತ್ತದೆ ಎಂದು ತಿಳಿಯದಿದ್ದರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂದು ಸ್ಕಿನ್ನರ್ ಎಂಬ ಮನಃಶಾಸ್ತ್ರಜ್ಞ ಕಳೆದ ಶತಮಾನದಲ್ಲೇ ತೋರಿಸಿದ್ದಾನೆ. ನಮ್ಮ ಕಡೆಯವರಿಗೆ ಪಾರಿವಾಳ ಬೇಕಾಗಿಲ್ಲ. ಮಟ್ಕಾದ ಓಪನ್ನಿಗೂ ಕ್ಲೋಸಿಗೂ ಕಾದು ಹೊಲ ಮಾರಿದವರ ಮನೆಗಳನ್ನು ಎಲ್ಲ ಊರಿನಲ್ಲೂ ತೋರಿಸಬಹುದು. ಏಳು ಗಂಟೆ ಏಳಕ್ಕೇ ಉಳಿಯಿತು.

2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಬಿ ನಿಂತಿದ್ದ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಫೋನು ಬಡಿದುಕೊಂಡು ಎದ್ದಾಗ ಆ್ಯಪ್ ಕುಸಿದಿತ್ತು. ಎಬ್ಬಿಸಿ ನಿಲ್ಲಿಸಿ ಗ್ರಾಫ್ ನೋಡಿದೆ. ನಾಲ್ಕು ವರ್ಷದಲ್ಲಿ ಅಂಥ ಗೆರೆಯನ್ನು ನೋಡಿರಲಿಲ್ಲ, ಪರದೆಯ ನೆತ್ತಿಗೆ ಹೋಗಿ ತಾಗಿತ್ತು. ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಸಂತೋಷವೇ. ಅರೆಗಳಿಗೆಯ ನಂತರ ಮಾವನ ಗದ್ದೆ ನೆನಪಾಯಿತು. ನಾಟಿ ಮುಗಿದು ವಾರವಾಗಿತ್ತಷ್ಟೆ. ಆ ಬೆಳೆಗೆ ಬೇಕಾದ ನೀರು ಆಗ ನದಿಗೆ ಹೋಗುತ್ತಿತ್ತು.

ಒಳಗೆ ನೋಡಿದರೆ ‘ಡ್ಯಾಂ ಒಡೆಯಿತು’ ಎಂಬ ಮಾತು, ಹಿಂದಿನ ಯಾವುದೋ ಪ್ರವಾಹದಲ್ಲಿ ಮುಳುಗಿದ ಕಂಪ್ಲಿ ಸೇತುವೆಯ ಫೋಟೊ, ಅದನ್ನು ನೂರಾರು ಜನ ಹಂಚುತ್ತಿದ್ದಾರೆ. ವದಂತಿಯಿಂದ ಜನರ ಪ್ರಾಣ ಹೋದ ಮೇಲೆ ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಫಾರ್ವರ್ಡ್ ಅನ್ನು ಐದಕ್ಕೆ ಇಳಿಸಿತ್ತು. ನಾನು ಸೊನ್ನೆಗೆ ಇಳಿಸಿದೆ. ಹಂಚುವ ಬಟನ್ ಕಿತ್ತೆ, ಅಧಿಕೃತವಾಗಿ ಹೇಳಿದ ಹೊರಹರಿವನ್ನು ಮಾತ್ರ ಮೇಲೆ ಅಂಟಿಸಿದೆ. ಬೆಳಗಿನ ಜಾವದವರೆಗೆ ಆನೆಗೊಂದಿ ಕಡೆಯವರಿಗೆ, ಕಂಪ್ಲಿ ಕಡೆಯವರಿಗೆ ಒಂದೊಂದಾಗಿ ಉತ್ತರ ಬರೆದೆ. ಒಂದು ವಾರದೊಳಗೆ ಅಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆ ಇಳಿಸಿ ನೀರು ನಿಲ್ಲಿಸಿದರು. ಆ ಹಂಚುವ ಬಟನ್ ಇಂದಿಗೂ ಮರಳಿ ಬಂದಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗೊಬ್ಬರದ ಅಂಗಡಿಯವರ ಫೋನ್ ಬಂತು. ‘ರಾತ್ರಿ ಬಹಳ ಜನ ಬಂದರಂತೆ. ಈಗ ನಮ್ಮ ಜಾಹೀರಾತು ಮೇಲೆ ಹಾಕಪ್ಪ, ಎರಡು ಪಟ್ಟು ಕೊಡುತ್ತೇನೆ.’ ಹಾಕಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಕಿದೆ, ಎರಡು ದಿನ ಕಾಯಿಸಿ. ಆ ತಿಂಗಳ ಸರ್ವರ್ ಬಿಲ್ ಅದರಿಂದಲೇ ತೀರಿತು.

ಮೊನ್ನೆ ಕರೆಂಟ್ ಹೋಗಿ ಮಟ್ಟ ಹಾಕುವುದು ತಡವಾಯಿತು. ಏಳು ಹತ್ತಕ್ಕೆ ಸಿದ್ದಾಪುರದ ಅಜ್ಜನ ಫೋನ್.

‘ತಮ್ಮಾ, ಇನ್ನೂ ಎದ್ದಿಲ್ಲವೇನು?’